ಹೊನ್ನಿ ಬರೂತನಕ

ಹಂಸಭಾವಿ
ಸೋಮವಾರ

ಮುದ್ದಿನ ತಂಗಿ ಹೊನ್ನವ್ವನಿಗೆ, ಹಂಸಭಾವಿಯಿಂದ ನಿನ್ನ ಅಕ್ಕ ಮಹಾದೇವಕ್ಕ ತಲೆ ಸವರಿ ಬರೆಯುವುದು.

ಹೇಗಿದ್ದೀ? ಖಲಂದರ ಅವರ ಮೊಣಕಾಲು ಹೇಗಿದೆ? ನಾನು ಕೊಟ್ಟು ಕಳಿಸಿದ ಎಣ್ಣೆ ಹಚ್ಚುತ್ತಾರೋ, ಇಲ್ಲ ಬಾಟಲಿ ಗೂಡಿನಲ್ಲಿ ಹಾಗೇ ಕುಂತಿದೆಯೋ? ನಿನ್ನ ಅತ್ತಿ ಮುಮ್ತಾಜಬೇಗಂ ಅವರಿಗೆ ಕಣ್ಣಿನ ಆಪರೇಶನ್ ಆದ ಮೇಲೆ ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ ಎಂದು ಬರೆದಿದ್ದಿ. ಈಗ ಸುಧಾರಿಸಿದೆಯೇ? ಅವರಿಗೆ ನನ್ನ ಸಲಾಮು ಹೇಳು. ಮಗಳು ನೂರಜಾನ ದಿನಾ ಶಿಗ್ಗಾವಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳಲ್ಲ, ಅವಳ ಕೆಮ್ಮು ಹೋಯಿತೇ? ಕಿಟಕಿಯ ಕಡೆ ಕೂರಬೇಡ ಅಂತ ಹೇಳು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಹಲ್ಲು ಎರಡು ಕಡಿಮೆಯಾದವು, ಮಾತು ಕಡಿಮೆಯಾಗಿಲ್ಲ.

ಈ ಪತ್ರವನ್ನು ವೀಳ್ಯದೆಲೆ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು ಓದಬೇಡ. ಮನೆಗೆ ಒಯ್ದು, ಬಾಗಿಲು ಮುಂದೆ ಮಾಡಿ, ಕುಂತು ಓದು. ಫೋನಿನಲ್ಲಿ ಹೇಳಬೇಕೆಂದು ಹೋದ ವಾರ ನಂಬರು ಒತ್ತಿಸಿದ್ದೆ. ನೀನು "ಯಕ್ಕಾ, ಆರಾಮ ಅದೀಯಿಲ್ಲ?" ಅಂದ ಕೂಡಲೇ ನನ್ನ ಬಾಯಿಂದ ಮಳೆಯ ಮಾತು, ಮೆಣಸಿನಕಾಯಿಯ ಮಾತು ಇವೇ ಬಂದವು. ಕಾಗದದ ಮುಂದೆ ಕುಂತರೆ ಓಡಿಹೋಗಲು ದಾರಿ ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ನಮ್ಮ ಕರಿಬಸಪ್ಪನ ಸುದ್ದಿ. ನನಗೆ ತಮ್ಮ, ನಿನಗೆ ಅಣ್ಣ. ಹೆಸರು ಕಂಡು ಕಾಗದ ಮಡಚಬೇಡ ತಂಗೀ. ಅವನ ಪರವಾಗಿ ವಕೀಲಿ ಮಾಡಲು ನಾನು ಕುಂತಿಲ್ಲ. ನಮ್ಮವ್ವ ಸಾಯುವಾಗ ಆಡಿದ ಒಂದು ಮಾತು ನಿನಗೆ ಮುಟ್ಟಬೇಕಾಗಿತ್ತು, ಮುಟ್ಟಲಿಲ್ಲ. ಅದನ್ನು ಮುಟ್ಟಿಸಬೇಕಾಗಿದೆ.

ಇಷ್ಟು ವರ್ಷ ನಾವಿಬ್ಬರೂ ಎಷ್ಟೋ ಪತ್ರ ಬರೆದುಕೊಂಡಿದ್ದೇವೆ. ಆದರೆ ಅವ್ವನನ್ನು ಮಣ್ಣು ಮಾಡಿದ ದಿನದ ಹತ್ತಿರ ಬಂದಾಗಲೆಲ್ಲ ನಾನೂ ಸುತ್ತು ಹಾಕಿ ದಾಟಿದ್ದೇನೆ, ನೀನೂ ದಾಟಿದ್ದೀ. ಇವತ್ತು ನೇರ ಹೋಗೋಣ.

ಅವ್ವ ತೀರಿದ ಸುದ್ದಿ ಯಾರಿಂದಲೋ ಕೇಳಿ ನೀನು ಖಲಂದರ ಅವರ ಜೊತೆ ಸವಣೂರಿನಿಂದ ಓಡಿಬಂದಿ. ಊರ ಅಗಸಿಯ ಬಾಗಿಲಲ್ಲೇ ಕರಿಬಸಪ್ಪ ನಿಮ್ಮನ್ನು ತಡೆದ. ನಮ್ಮ ಯಜಮಾನರ ಸೊಂಟದ ಎಲುಬು ಮುರಿದಿದ್ದರಿಂದ ಕೊನೆಯ ದಿನಗಳಲ್ಲಿ ನಾನು ಅವ್ವನ ಹತ್ತಿರ ಇರಲಾಗಲಿಲ್ಲ. ಆ ಮುಂಜಾನೆಯಷ್ಟೇ ಬಂದು ಅವಳ ತಲೆಯ ಬಳಿ ಕುಂತಿದ್ದೆ. ನೀನು ಬಂದದ್ದೇ ನನಗೆ ತಿಳಿಯಲಿಲ್ಲ. "ಅವ್ವಾನ ಹೇಳಿ ಹೋಗ್ಯಾಳ, ಹೊನ್ನಿ ಕೈಯಾನ ಮಣ್ಣ ನನ್ನ ಮ್ಯಾಲೆ ಬೀಳಬಾರ್ದು ಅಂತ. ನಾ ಏನ್ ಮಾಡ್ಲಿ?" ಎಂದು ನಿನಗೆ ಹೇಳಿದನಂತೆ. ಸಂಜೆ ನನಗೂ ಅದನ್ನೇ ಹೇಳಿದ. ಕಣ್ಣಿಗೆ ವಸ್ತ್ರ ಒತ್ತಿಕೊಂಡು ಹೇಳಿದ. ನೀನು ನಂಬಿದಿ, ನಾನೂ ನಂಬಿದೆ. ಯಾಕೆ ನಂಬಬಾರದು? ನೀನು ಖಲಂದರ ಅವರ ಕೈ ಹಿಡಿದ ವರ್ಷ ಅವ್ವ ನೀನು ಉಣ್ಣುವ ತಾಟನ್ನು ಅಟ್ಟಕ್ಕೆ ಎಸೆದದ್ದು ಇಬ್ಬರಿಗೂ ಗೊತ್ತಿತ್ತು. ಅವಳ ಸಿಟ್ಟು ನಾವು ಕಾಣದ್ದಲ್ಲ.

ಆದರೆ ಮುಂದೆ ಅದೇ ಅವ್ವ, ಯಾರು ಎಲೆ ತಂದುಕೊಟ್ಟರೂ "ಇವು ಸವಣೂರ ಎಲಿ ಹೌದಿಲ್ಲೋ?" ಎಂದು ಕೇಳಿ, ಹೌದು ಅಂದರೆ ಮಾತ್ರ ಬಾಯಿಗೆ ಹಾಕುತ್ತಿದ್ದಳು. ಹಲ್ಲಿಲ್ಲದ ಬಾಯಿಗೆ ಮೆತ್ತಗಿನ ಎಲೆ ಬೇಕಾಗಿದೆ ಅಂತ ನಾನು ತಿಳಿದೆ.

ನಮ್ಮವರಲ್ಲಿ ಮಣ್ಣು ಕೊಡುವುದೆಂದರೆ ಏನು ಅಂತ ನಿನಗೆ ಹೇಳಿಕೊಡಬೇಕೇ? ಕುಣಿಯಲ್ಲಿ ಕೂರಿಸಿ, ವಿಭೂತಿ ಧರಿಸಿ, ಪತ್ರಿ ಏರಿಸಿದ ಮೇಲೆ ಹೊಟ್ಟೆಯಲ್ಲಿ ಹುಟ್ಟಿದವರು ಮೂರು ಮುಷ್ಟಿ ಮಣ್ಣು ಹಾಕಬೇಕು. ಬಾಳೆಲ್ಲ ಮಾತು ಬಿಟ್ಟವರು ಕೂಡ ಆ ಹೊತ್ತಿಗೆ ಬಂದು ಬಾಗುತ್ತಾರೆ, ಅವರಿಗೆ ಯಾರೂ ಬೇಡ ಅನ್ನುವುದಿಲ್ಲ. ನಿನಗೊಬ್ಬಳಿಗೆ ಬೇಡ ಅಂದರು. ಅಗಸಿಯ ಹೊರಗಿನ ಹೊಲದಿಂದ ಬಾಚಿಕೊಂಡ ಮಣ್ಣನ್ನು ನೀನು ಸವಣೂರು ಮುಟ್ಟುವವರೆಗೂ ಮುಷ್ಟಿಯಿಂದ ಬಿಡಲಿಲ್ಲ, ಬಸ್ಸಿನ ಟಿಕೆಟನ್ನು ಎಡಗೈಯಲ್ಲಿ ಇಸಿದುಕೊಂಡಿ ಎಂದು ಖಲಂದರ ಅವರು ನನಗೆ ಒಮ್ಮೆ ಹೇಳಿದ್ದರು. ಅವತ್ತು ನನಗೆ ಉಣ್ಣಲಾಗಲಿಲ್ಲ.

ಈಗ ಒಂದು ಸಿನಿಮಾದ ಸುದ್ದಿ ಹೇಳುತ್ತೇನೆ. ಅಕ್ಕನಿಗೆ ವಯಸ್ಸಾಯಿತು, ಎಲ್ಲಿಂದ ಎಲ್ಲಿಗೋ ಹೋಗುತ್ತಾಳೆ ಅನ್ನಬೇಡ. ಎಲ್ಲ ಒಂದೇ ದಾರಿ.

ನಮ್ಮ ತವರೂರಿನ ಮಠದವರು, ಹಿಂದಿನ ಸ್ವಾಮಿಗಳಾದ ಅಜ್ಜಾರ ಮಹಿಮೆಯ ಮೇಲೆ ಒಂದು ಭಕ್ತಿ ಸಿನಿಮಾ ಮಾಡಿಸಿದರು. ಮಾಡಿದವನು ಶಿಗ್ಗಾವಿಯ ಹಾಲೇಶ. ಮದುವೆಗಳ ವಿಡಿಯೋ ತೆಗೆಯುತ್ತಾನೆ, ಚುರುಕು ಹುಡುಗ. ಪಾರ್ಟು ಮಾಡಿದವರೆಲ್ಲ ಊರವರು. ಕತೆ ಇಷ್ಟೇ: ಒಬ್ಬ ಕಲ್ಲೆದೆಯ ಗೌಡ, ಹಸಿದು ಬಂದ ಮುದುಕಿಗೆ ಬಾಗಿಲು ಹಾಕುತ್ತಾನೆ. ಮುದುಕಿ ಅವನ ಮನೆಯ ಕಟ್ಟೆಯ ಮೇಲೆಯೇ ಜೀವ ಬಿಡುತ್ತಾಳೆ. ಆಮೇಲೆ ಗೌಡನಿಗೆ ಪಶ್ಚಾತ್ತಾಪವಾಗಿ, ಅಜ್ಜಾರ ಪಾದಕ್ಕೆ ಬಿದ್ದು ಉದ್ಧಾರವಾಗುತ್ತಾನೆ. ಗೌಡನ ಪಾರ್ಟಿಗೆ ಮೀಸೆ ಬೇಕಿತ್ತು. ಊರಲ್ಲಿ ಮೀಸೆ ಅಂದರೆ ಕರಿಬಸಪ್ಪನದು. ನಾಟಕದಲ್ಲೆಲ್ಲ ಕೆಟ್ಟವನ ಪಾರ್ಟು ಅವನಿಗೇ ಬರುತ್ತಿದ್ದದ್ದು ನಿನಗೆ ಗೊತ್ತಲ್ಲ. ಹಿಗ್ಗಿ ಹೀರೇಕಾಯಾದ.

ಶೂಟಿಂಗು ಬಂಕಾಪುರದ ಕೋಟೆಯಲ್ಲಿ. ನಾನು ಹೋಗಿರಲಿಲ್ಲ. ಅವನ ಸೊಸೆ ಸುಧಾರಾಣಿ ಎಲ್ಲರಿಗೂ ಬುತ್ತಿ ಕಟ್ಟಿಕೊಂಡು ಹೋಗಿದ್ದಳು, ಅವಳು ಹೇಳಿದ್ದು. ಗೌಡ ಪಶ್ಚಾತ್ತಾಪಕ್ಕೆ ಬಾಯಿ ತೆಗೆದರೆ ಸಾಕು, ಗಿಡದ ಮೇಲಿನ ನವಿಲು ಕೂಗುತ್ತಿತ್ತಂತೆ. "ಕಾಕಾ, ನೀವು ಅಳೂಕಿಂತ ಮದ್ಲ ಅವು ಅಳಾಕತ್ತಾವಲ್ರಿ" ಅಂತ ಹಾಲೇಶ. "ಅವಕ್ಕರ ಪಗಾರ ಕೊಡು, ನನಗಂತೂ ಕೊಡೂದಿಲ್ಲ" ಅಂತ ಇವನು. ನವಿಲು ಸುಮ್ಮನಾದರೂ ಇವನಿಗೆ ಕಣ್ಣೀರು ಬರಲಿಲ್ಲ. ಬಾಯಿಪಾಠದ ಮಾತನ್ನು ನಾಟಕದ ದನಿಯಲ್ಲಿ ಗುಡುಗಿದ. ಕಣ್ಣಿಗೆ ಏನೋ ಹಚ್ಚಿದರೆ ಅದು ಕೆಂಪಗಾಗಿ, ಗೌಡ ಅಳುವುದು ಬಿಟ್ಟು ಹೊಡೆಯಲು ಬಂದವನ ಹಾಗೆ ಕಂಡ. ಕೊನೆಗೆ ಹಾಲೇಶ ಬೇಸತ್ತು, "ಬರದದ್ದು ಬಿಟ್ಟಬಿಡ್ರಿ ಕಾಕಾ. ನಿಮ್ಮ ಬಾಳೇದಾಗ ಆದದ್ದು ಏನರ ನೆಪ್ಪ ತಗೋರಿ. ಬಾಯಿಗೆ ಬಂದಂಗ ಮಾತಾಡ್ರಿ. ನಾ ಕ್ಯಾಮರಾ ನಡುವ ಬಂದ್ ಮಾಡೂದಿಲ್ಲ" ಅಂದನಂತೆ.

ಕರಿಬಸಪ್ಪ ಮತ್ತೆ ಬಂದು ಮೊಣಕಾಲೂರಿ ಕುಂತ. ಆಮೇಲೆ ಮಾತಾಡಿದ. ಮುಗಿದ ಮೇಲೆ ಎದ್ದುಹೋಗಿ ಕೋಟೆಯ ಗೋಡೆಗೆ ಮುಖ ಮಾಡಿ ನಿಂತ, ಊಟಕ್ಕೂ ಬರಲಿಲ್ಲ. ಏನು ಮಾತಾಡಿದ ಅನ್ನುವುದು ದೂರದಲ್ಲಿ ಬುತ್ತಿ ಬಿಚ್ಚುತ್ತಿದ್ದ ಸುಧಾರಾಣಿಗೆ ಕೇಳಿಸಿರಲಿಲ್ಲ. ಹಾಲೇಶನಂತೂ ಕುಣಿದಾಡಿದನಂತೆ.

ಯುಗಾದಿಯಾದ ಮೇಲೆ ಒಂದು ರವಿವಾರ ಮುಂಜಾನೆ ಮಠದಲ್ಲಿ ಸಿನಿಮಾ ತೋರಿಸಿದರು. ಪ್ರಸಾದ ಮಾಡುವ ಹಾಲಿನ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದರು. ಸುಧಾರಾಣಿಯ ಒತ್ತಾಯಕ್ಕೆ ನಾನೂ ಹೋಗಿದ್ದೆ. ಒಳಗೆ ಸಾರಿನ ವಾಸನೆ, ಹುಡುಗರ ಗದ್ದಲ. ಪರದೆಯ ಮೇಲೆ ತಮ್ಮ ತಮ್ಮವರು ಬಂದಾಗೊಮ್ಮೆ ನಗೆ. ಆ ಸೀನು ಬಂತು. ಮುದುಕಿಯ ಹೆಣದ ಮುಂದೆ ಗೌಡ ಮೊಣಕಾಲೂರಿ ಕುಂತ. "ಯವ್ವಾ" ಅಂದ. ಆ ದನಿ ನಾಟಕದ್ದಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಸಣ್ಣವನಿದ್ದಾಗ ಜ್ವರ ಬಂದರೆ ಹಾಗೆ ಕರೆಯುತ್ತಿದ್ದ. ಮುಂದೆ ಅವನಾಡಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಯವ್ವಾ, 'ಹೊನ್ನಿ ಬರೂತನಕ ನನ್ನ ಎತ್ತಬ್ಯಾಡ್ರಿ' ಅಂದಿದ್ದಿ. ಬಾಗಲಾ ನೋಡಿ ನೋಡಿ ಅದನ್ನ ಅಂದಿ. ನಾ ಅಕಿಗೆ ಹೇಳೇ ಕಳಸಲಿಲ್ಲ. ನೀ ಹ್ವಾದ ಮ್ಯಾಲೆ ಅಕಿ ತಾನ ಬಂದ್ಳು. ಅಗಸ್ಯಾಗ ನಿಂದರಿಸಿ ಸುಳ್ಳ ಹೇಳ್ದೆ. ನೀ ಆಡದ ಮಾತ ನಿನ್ನ ಹೆಸರಿಲೆ ಹೇಳ್ದೆ. ಮಂದಿ ಏನಂತಾರ ಅಂತ ಅಂಜಿದೆ ಯವ್ವಾ. ಮಂದಿ ಏನೂ ಅನ್ಲಿಲ್ಲ. ಮಂದಿ ಮಣ್ಣ ಕೊಟ್ಟು, ಕೈ ತೊಳಕೊಂಡು ಹ್ವಾದ್ರು."

ಅಷ್ಟಾದ ಮೇಲೆ ಒಂದು ನವಿಲು ಕೂಗಿತು. ಹಾಲೇಶ ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದ.

ಹೊನ್ನವ್ವಾ, ಇದು ಅವ್ವನ ಮಾತು. ನಿನ್ನ ಮಣ್ಣು ಬೇಡ ಅಂದಿರಲಿಲ್ಲ ಅವಳು. ನೀನು ಬರುವತನಕ ಎತ್ತಬೇಡಿ ಅಂದಿದ್ದಳು. ಮೇಲಿನ ಸಾಲನ್ನು ಇನ್ನೊಮ್ಮೆ ಓದಿಕೋ. ನಾನೂ ಬರೆದಾದ ಮೇಲೆ ಓದಿಕೊಂಡೆ.

ಜನರಿಗೆ ಅದು ಗೌಡನ ಕತೆಯ ಒಂದು ತುಂಡು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. "ಮಾವಾರು ಎಷ್ಟ ಖರೇ ಖರೇ ಮಾಡ್ಯಾರ ನೋಡ್ರಿ ಅತ್ತಿ" ಎಂದು ಸುಧಾರಾಣಿ ನನ್ನ ಮೊಣಕೈ ಹಿಂಡಿದಳು. ಅವಳು ಈಚೆಗೆ ಬಂದ ಸೊಸೆ, ಅವಳಿಗೇನು ಗೊತ್ತು? ಗೊತ್ತಿದ್ದ ಒಂದಿಬ್ಬರು ಮುದುಕರು ತಲೆ ತಗ್ಗಿಸಿದ್ದರು. ಪರದೆಯ ಮೇಲೆ ಅಜ್ಜಾರು ಬಂದು ಗೌಡನ ತಲೆಯ ಮೇಲೆ ಕೈಯಿಟ್ಟರು. ಗಂಟೆ ಮೊಳಗಿತು, ಮೇಲಿನಿಂದ ಹೂವು ಬಿದ್ದವು, ಗೌಡನ ಮುಖ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಗೌಡನ ಪಾಪ ಒಂದು ಹಾಡಿನೊಳಗೆ ಕಳೆದುಹೋಯಿತು. ನೀನು ಮಾತ್ರ ಇನ್ನೂ ಆ ಅಗಸಿಯಲ್ಲೇ ನಿಂತಿದ್ದಿ.

ಪ್ರಸಾದದ ಹೊತ್ತಿಗೆ ಅವನಿಗೆ ಶಾಲು ಹೊದಿಸಿದರು. ಅಡುಗೆಮನೆಯ ಹಿಂದೆ ನೀರಿನ ಟಾಕಿಯ ಹತ್ತಿರ ಅವನನ್ನು ಹಿಡಿದೆ.

"ಕರಿಯಾ, ಅವ್ವ ಹಂಗ ಅಂದಿದ್ದು ಖರೇನ?"

ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಟಾಕಿಯ ಮೇಲಿಟ್ಟ. "ಹೌದ ಯಕ್ಕಾ."

"ಇಷ್ಟ ಮಂದಿ ಮುಂದ ಹೇಳಾಕ ಬಾಯಿ ಬಂತು. ಅಕಿ ಮುಂದ ಯಾಕ ಬರಲಿಲ್ಲೋ?"

"ಇಲ್ಲೆ ಗೌಡನ ವೇಷ ಇತ್ತು ಯಕ್ಕಾ. ಅಕಿ ಮುಂದ ನಾನ ಹೋಗಬೇಕಲ್ಲ."

ಬೈಯಬೇಕೆಂದು ಹೋದವಳು ನಾನು. ಬೈದೆ ಕೂಡ. ಅವ್ವನ ಹೊಟ್ಟೆಯಲ್ಲಿ ಹುಟ್ಟಿ ಅವ್ವನ ಬಾಯಿಗೇ ಸುಳ್ಳು ತುರುಕಿದಿ ಅಂದೆ. ಅವನು, "ನೀ ಅಕಿಗೆ ಬರೀಬ್ಯಾಡ, ಫೋನೂ ಮಾಡಬ್ಯಾಡ. ಇದನ್ನ ನಾನ ಹೋಗಿ ಹೇಳಬೇಕು. ಅಷ್ಟರ ಬಿಡು ನನಗ" ಎಂದು ಕೈ ಮುಗಿದ. ಅದಕ್ಕೇ ತಂಗೀ ನಾನು ಇಷ್ಟು ದಿನ ಸುಮ್ಮನಿದ್ದದ್ದು. ಆ ಮಾತು ಅವನ ಬಾಯಿಂದಲೇ ನಿನಗೆ ಬರಲಿ, ಅವನ ಹೊರೆಯನ್ನು ಅವನೇ ನಿನ್ನ ಬಾಗಿಲವರೆಗೆ ಹೊರಲಿ ಅಂದುಕೊಂಡೆ.

ಮರುದಿನವೇ ಮೀಸೆ ಬೋಳಿಸಿದನಂತೆ. "ಮುಂದಿನ ಸಿನಿಮಾದಾಗ ಯಾವ ಪಾರ್ಟ್ರೀ?" ಎಂದು ನಾವಿದ ಕೇಳಿದರೆ, "ಇನ್ನ ಪಾರ್ಟ್ ಇಲ್ಲಪ್ಪ" ಅಂದನಂತೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಿನ್ನ ಅಂಗಡಿಗೆ ಒಬ್ಬ ಮುದುಕ ಬಂದಿದ್ದ, ನೆನಪಿದೆಯೇ? ಸೊರಗಿದ ಮುಖ, ತಲೆಗೆ ವಸ್ತ್ರ ಸುತ್ತಿದ್ದ, ನೆಲ ನೋಡಿ ಮಾತಾಡುತ್ತಿದ್ದ. ನೀನು ಎಲೆಗೆ ನೀರು ಚಿಮುಕಿಸಿ ಕಟ್ಟು ಕಟ್ಟುತ್ತಿದ್ದಿ, ತಲೆ ಎತ್ತದೆಯೇ "ಯಾವೂರ್ರೀ ಯಜಮಾನ್ರ?" ಅಂದಿ. "ಹಾನಗಲ್ಲ ಕಡೆ" ಅಂದ. "ನಮ್ಮ ತವರೂ ಆ ಕಡೇನ್ರಿ" ಎಂದು ಕಟ್ಟಿನ ಮೇಲೆ ಇನ್ನೊಂದು ಹಿಡಿ ಎಲೆ ಇಟ್ಟು, "ಇವಕ್ಕ ರೊಕ್ಕ ಬ್ಯಾಡ್ರಿ, ಇವು ತವರಿನ ಸಲುವಾಗಿ" ಅಂದಿ. ಅಷ್ಟರಲ್ಲಿ ಮತ್ತೊಬ್ಬ ಗಿರಾಕಿ ಬಂದ. ಮುದುಕ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ.

ಆ ಮುದುಕ ನಿನ್ನ ಅಣ್ಣ.

ಸವಣೂರಿನಿಂದ ನೇರ ನನ್ನಲ್ಲಿಗೆ ಬಂದ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಗಳನ್ನು ನನ್ನ ಉಡಿಯಲ್ಲಿ ಇಟ್ಟು ಅತ್ತ. ಆ ಅಳುವನ್ನು ಯಾವ ಹಾಲೇಶನೂ ತೆಗೆಯಲಾರ. "ಯಕ್ಕಾ, ತವರಿನ ಸಲುವಾಗಿ ಅಂತ ಕೊಟ್ಟಳು. ಯಾರಂತ ಗೊತ್ತಿದ್ರ ಕೊಡ್ತಿದ್ದಿಲ್ಲ. ಇವನ್ನ ನಾ ಹ್ಯಾಂಗ ತಿನ್ಲಿ?" ಅಂದ. "ಗೊತ್ತಿದ್ದು ಕೊಟ್ಟ ದಿನ ತಿನ್ನುವಂತಿ. ಈಗ ಮತ್ತ ಹೋಗು, ತಲಿ ಮ್ಯಾಗಿನ ವಸ್ತ್ರ ತಗದು ಹೋಗು" ಅಂದೆ. ಹೋಗುತ್ತೇನೆ ಅಂದ. ಒಂದು ಮಳೆ ಆಗಲಿ, ಬಿತ್ತಿಗೆ ಮುಗಿಯಲಿ ಅಂದ. ಅಂಜುಬುರುಕನಿಗೆ ಯಾವಾಗಲೂ ಒಂದು ಕೆಲಸ ಬಾಕಿ ಇರುತ್ತದೆ.

ಕಾರಹುಣ್ಣಿಮೆ ಆದ ವಾರ ಹೊಲದ ಬದುವಿನ ಮೇಲೆ ಬಿದ್ದ. ಲಕ್ವಾ ಹೊಡೆದಿತ್ತು. ಮಗ ಪ್ರಶಾಂತ ಹುಬ್ಬಳ್ಳಿಯ ದವಾಖಾನೆಗೆ ಒಯ್ದ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರಾ ಹೋಯಿತು. ಹೇಳಬೇಕಾದ ಒಂದೇ ಒಂದು ಮಾತು ಇತ್ತು ಅವನಿಗೆ. ಅದು ಒಳಗೆ ಉಳಿದು, ಬಾಯಿ ಮುಚ್ಚಿತು.

ಈಗ ಮನೆಯ ಪಡಸಾಲೆಯಲ್ಲಿ ಮಲಗಿರುತ್ತಾನೆ. ಸುಧಾರಾಣಿ ಗಂಜಿ ಕುಡಿಸುತ್ತಾಳೆ, ಒಂದು ಮಾತು ಅನ್ನದೆ ಎಲ್ಲ ಮಾಡುತ್ತಾಳೆ. ನೋಡಲು ಬಂದವರು ಅವನಿಗೆ ಹುರುಪು ಬರಲಿ ಅಂತ ಫೋನಿನಲ್ಲಿ ಆ ಸಿನಿಮಾ ಹಚ್ಚಿ ಮುಖದ ಮುಂದೆ ಹಿಡಿಯುತ್ತಾರೆ. "ಯವ್ವಾ" ಅನ್ನುವ ಸೀನಿನಲ್ಲಿ ಅವನ ತುಟಿ ಅದರ ಜೊತೆಜೊತೆಗೇ ಅಲುಗುತ್ತದೆ. ಅಜ್ಜಾರು ತಲೆಯ ಮೇಲೆ ಕೈಯಿಡುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಹೋದ ತಿಂಗಳು ಮಠದ ಈಗಿನ ಅಜ್ಜಾರು ಅವನನ್ನು ನೋಡಲು ಬಂದರು. ವಿಭೂತಿ ಹಚ್ಚಲು ಕೈ ಚಾಚಿದರೆ ಮುಖವನ್ನು ಗೋಡೆಗೆ ತಿರುಗಿಸಿದ. ಮನೆಯವರೆಲ್ಲ ಗಾಬರಿಯಾದರು. ನಾನು ಅಜ್ಜಾರನ್ನು ಹೊರಗೆ ಕರೆದು ಎಲ್ಲ ಹೇಳಿ, "ಸಿನಿಮಾದಾಗ ಗೌಡನ ಪಾ​ಪ ಕಳದ್ರಿ. ನಮ್ಮ ಕರಿಯಂದೂ ಕಳೀರಲ್ಲ" ಅಂದೆ. ಅವರು ವಯಸ್ಸಿನಲ್ಲಿ ನನ್ನ ಮಗನಷ್ಟು. ಕಟ್ಟೆಯ ಮೇಲೆ ಕುಂತರು. "ಯವ್ವಾ, ಸಿನಿಮಾದಾಗಿನ ಅಜ್ಜಾರಿಗೆ ಅದು ಸಸಾರ. ನನ್ನ ಕೈಯಾಗ ಬರೇ ವಿಭೂತಿ ಐತಿ. ಅಂವಗೂ ಅದು ತಿಳದೈತಿ, ಅದಕ್ಕ ಮುಖ ತಿರಿವ್ಯಾನ. ನೀವು ಸವಣೂರಿಗೆ ತಿಳಸ್ರಿ" ಅಂದರು.

ಒಳಗೆ ಹೋಗಿ ಕರಿಬಸಪ್ಪನ ಕಿವಿಯಲ್ಲಿ ಕೇಳಿದೆ. "ಹೊನ್ನಿಗೆ ನಾ ಬರೀಲೇನ?" ಎಡಗೈಯಿಂದ ನನ್ನ ಕೈ ಹಿಡಿದ. ಬಿಡಲಿಲ್ಲ.

ಅವನನ್ನು ಕ್ಷಮಿಸು ಎಂದು ನಾನು ನಿನ್ನನ್ನು ಕೇಳುವುದಿಲ್ಲ. ಅದು ಅಕ್ಕನೆಂಬ ದೊಡ್ಡಸ್ತಿಕೆಯಿಂದ ಕೇಳಿ ಕೊಡಿಸುವ ಸಾಮಾನಲ್ಲ. ನೀನು ಇಷ್ಟು ವರ್ಷ ಅವ್ವನಿಗೆ ಬೇಡವಾದ ಮಗಳೆಂದುಕೊಂಡು ಬದುಕಿದಿ. ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಲ್ಲ, ಹಬ್ಬಕ್ಕೆ ತವರಿಲ್ಲ. ಅದರ ಮೇಲೆ ಈ ಮಾತಿನ ಮುಳ್ಳು. ಅದನ್ನೆಲ್ಲ ಯಾವ ಕಣ್ಣೀರು ತುಂಬಿಕೊಡುತ್ತದೆ? ಸಿಟ್ಟಿದ್ದರೆ ಇರಲಿ, ಅದು ನಿನ್ನದು. ಅವನ ಮುಖ ನೋಡಲೇಬೇಕೆಂದೂ ಇಲ್ಲ.

ಆದರೆ ಇನ್ನೊಂದು ಕೆಲಸ ಉಳಿದಿದೆ. ಈ ಸಲದ ಮಳೆಗೆ ನಮ್ಮ ಹೊಲದಲ್ಲಿರುವ ಅವ್ವನ ಸಮಾಧಿಯ ಮಣ್ಣು ಒಂದು ಮಗ್ಗುಲು ಕುಸಿದಿದೆ. ಪ್ರತಿ ವರ್ಷ ಸೀಗಿ ಹುಣ್ಣಿಮೆಗೆ ಬೆಳೆಗೆ ಎಡೆಯ ಚರಗ ಚೆಲ್ಲಲು ಹೋದಾಗ ಕರಿಬಸಪ್ಪ ಬುಟ್ಟಿಯಲ್ಲಿ ಮಣ್ಣು ಹೊತ್ತು ಅದನ್ನು ಸರಿಮಾಡುತ್ತಿದ್ದ. ಈ ಸಲ ಪ್ರಶಾಂತ ಬುಟ್ಟಿ ಎತ್ತಿಕೊಂಡು ಹೊರಟಿದ್ದ. ನಾನು ಬೇಡ ಅಂದೆ. ಹಬ್ಬವೂ ಆಯಿತು, ಮಣ್ಣು ಕುಸಿದದ್ದು ಹಾಗೇ ಇದೆ. ಹೋಗಿಬರುವವರು ಕೇಳುತ್ತಾರೆ, ನಾನು ಉತ್ತರ ಕೊಡುವುದಿಲ್ಲ. ಎತ್ತುವಾಗ ಅವ್ವನ ಮಾತು ನಡೆಯಲಿಲ್ಲ. ಮುಚ್ಚುವಾಗಲಾದರೂ ನಡೆಯಲಿ. ಆ ಕುಸಿತ ತುಂಬಲು ಒಂದೆರಡು ಬುಟ್ಟಿಯೇ ಬೇಕಾದೀತು, ಆದರೆ ಮೊದಲಿನ ಮೂರು ಮುಷ್ಟಿ ನಿನ್ನವು.

ಬರುವುದಾದರೆ ಖಲಂದರ ಅವರನ್ನೂ ನೂರಜಾನಳನ್ನೂ ಕರೆದುಕೊಂಡು ಬಾ. ಅವಳು ನಮ್ಮವ್ವ ಹುಚ್ಚವ್ವನ ಮೊಮ್ಮಗಳು, ತನ್ನ ಅಜ್ಜಿಯ ಮಣ್ಣನ್ನು ಮುಟ್ಟಲಿ. ಕರಿಬಸಪ್ಪನ ಹೊಸ್ತಿಲು ತುಳಿಯುವ ಮನಸ್ಸಿಲ್ಲದಿದ್ದರೆ ಊರ ಹೊರಗಿನಿಂದ ಹೊಲಕ್ಕೆ ಬಂಡಿದಾರಿ ಇದೆ, ನಿನಗೆ ಗೊತ್ತು. ಆದರೂ ನೀನು ಅಗಸಿಯಿಂದಲೇ ಒಳಗೆ ಬರಬೇಕು ಅಂತ ನನ್ನ ಆಸೆ. ಯಾವ ದಿನ ಅಂತ ಹೇಳಿದರೆ ಸಾಕು, ಮುಂಜಾನೆಯಿಂದ ನಾನೇ ಅಲ್ಲಿ ನಿಂತಿರುತ್ತೇನೆ.

ಹಳೆಯ ಒಂದು ಪ್ರಶ್ನೆ ಇದೆ, ಕೇಳಲು ಧೈರ್ಯವಾಗಿರಲಿಲ್ಲ. ಆ ದಿನ ಮುಷ್ಟಿಯಲ್ಲಿ ಹಿಡಿದು ಒಯ್ದ ಮಣ್ಣನ್ನು ಸವಣೂರಿನಲ್ಲಿ ಎಲ್ಲಿ ಹಾಕಿದಿ?

ಅದನ್ನು ಬರಿ. ಬರುತ್ತೇನೆ ಅಂತ ಬರಿ, ಬರುವುದಿಲ್ಲ ಅಂತಲಾದರೂ ಬರಿ, ಬೈದಾದರೂ ಬರಿ. ಬೇಗ ಬರಿ ತಂಗೀ. ಮಣ್ಣು ಕಾಯುತ್ತದೆ, ಮಲಗಿದವನು ಎಷ್ಟು ದಿನ ಕಾಯುತ್ತಾನೋ ತಿಳಿಯದು. ಅವ್ವ ಬಾಗಿಲು ನೋಡುತ್ತಿದ್ದಳಂತಲ್ಲ, ಹಾಗೆ ನಾನು ಟಪಾಲಿನವನ ದಾರಿ ನೋಡುತ್ತಿರುತ್ತೇನೆ.

ನಿನ್ನ ಬಳ್ಳಿ ಹಸಿರಾಗಿರಲಿ, ಮನೆ ತುಂಬಿರಲಿ.

ನಿನ್ನ ಅಕ್ಕ,
ಮಹಾದೇವಕ್ಕ